ನಮ್ಮ ಕಂಪ್ಯೂಟರಿಗೆ ಪೂಜೆ ಮಾಡಿದ ತಪ್ಪಿಗೆ

ದುಡ್ಡು ಕೊಟ್ಟು ತಂದವಳು ನಾನು, ಕಳ್ಳಿ ಅನ್ನಿಸಿಕೊಂಡವಳೂ ನಾನೇ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಸಮಾಧಾನದಿಂದ ಬರೆಯಬೇಕೆಂದು ಕೂತಿದ್ದೇನೆ, ಆ ಸಮಾಧಾನ ಎಷ್ಟು ಹೊತ್ತು ಉಳಿಯುತ್ತದೋ ನೋಡೋಣ.

ಪಾಂಡವಪುರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕೆಲಸದ ಜಾಗ. ನಮ್ಮೆಜಮಾನರು ಮದುವೆ, ನಾಮಕರಣ, ಗೃಹಪ್ರವೇಶ ಅಂತ ಕ್ಯಾಮೆರಾ ಹೊತ್ತು ಊರೂರು ಸುತ್ತುತ್ತಾರೆ. ಅವರು ಹಿಡಿದು ತಂದದ್ದನ್ನು ಕಂಪ್ಯೂಟರಿಗೆ ಹಾಕಿಕೊಂಡು, ಬೇಡದ್ದನ್ನು ಕತ್ತರಿಸಿ, ಹಾಡು ಕೂರಿಸಿ, ಪೆನ್‌ಡ್ರೈವಿಗೆ ತುಂಬಿ ಕೊಡುವವಳು ನಾನು. ಇದಕ್ಕೆ ನಮ್ಮ ಕಸುಬಿನಲ್ಲಿ ಮಿಕ್ಸಿಂಗ್ ಅನ್ನುತ್ತಾರೆ. ಮದುವೆಮನೆಯಲ್ಲಿ ಹೆಸರು ಕ್ಯಾಮೆರಾ ಹಿಡಿದವರಿಗೆ ಬರುತ್ತದೆ, ಊಟವೂ ಅವರಿಗೇ. ಕೋಣೆಯೊಳಗೆ ಕೂತು ಬೆನ್ನು ನೋಯಿಸಿಕೊಳ್ಳುವವಳನ್ನು ಯಾರೂ ಕೇಳುವುದಿಲ್ಲ. ಇರಲಿ, ಅದು ಬೇರೆ ಜಗಳ.

ಮಿಕ್ಸಿಂಗ್ ಮಾಡುವ ಸಾಫ್ಟ್‌ವೇರನ್ನು ನಮ್ಮ ಕಡೆ ಕೊಂಡು ತರುವವರು ಅಪರೂಪ. ಕೆ.ಆರ್. ಪೇಟೆಯ ಸ್ಟುಡಿಯೊದಿಂದ ನಾಗಮಂಗಲದ ಸ್ಟುಡಿಯೊಗೆ, ಅಲ್ಲಿಂದ ಇನ್ನೊಂದಕ್ಕೆ, ಬೀಗ ಮುರಿದು ಕ್ರ್ಯಾಕ್ ಮಾಡಿದ್ದು ಕೈಯಿಂದ ಕೈಗೆ ದಾಟುತ್ತಿರುತ್ತದೆ. ಹೊಸ ಕಂಪ್ಯೂಟರ್ ತಂದಾಗ ನಾನು ಹಠ ಹಿಡಿದೆ. ತಂದರೆ ಲೈಸೆನ್ಸ್ ಇರುವುದನ್ನೇ ತರಬೇಕು, ಇಲ್ಲದಿದ್ದರೆ ನಾನು ಮೌಸು ಮುಟ್ಟುವುದಿಲ್ಲ ಅಂದೆ. ಎಜಮಾನರು ಮೈಸೂರಿಗೆ ಹೋಗಿ ಸೀಲಾದ ಪೆಟ್ಟಿಗೆಯನ್ನೇ ತಂದರು. ಕೆ.ಆರ್. ಪೇಟೆಯಲ್ಲಿ ಸ್ಟುಡಿಯೊ ಇಟ್ಟಿರುವ ಒಬ್ಬ ಮಹಾಶಯ ನಮ್ಮ ಮನೆಗೆ ಬಂದವನು ಆ ಪೆಟ್ಟಿಗೆ ನೋಡಿ ಬಿದ್ದು ಬಿದ್ದು ನಕ್ಕ. "ಯಾಕಕ್ಕ ಸುಮ್ನೆ? ನಾನೇ ಕೊಡ್ತಿದ್ನಲ್ಲ. ನಮ್ದು ಅಸ್ಲಿಗಿಂತ ಚೆನ್ನಾಗಿ ಓಡ್ತದೆ" ಅಂದ. ನಾನು ಕಾಫಿ ಕೊಟ್ಟು ಕಳಿಸಿದೆ. ಮನಸ್ಸಿನಲ್ಲಿ ಮಾತ್ರ, ನಿನ್ನ ಹಾಗೆ ಕದ್ದು ಬದುಕುವವಳಲ್ಲ ನಾನು ಅಂದುಕೊಂಡು ಒಂದಿಷ್ಟು ಬೀಗಿದೆ.

ಆ ಪೆಟ್ಟಿಗೆಯಲ್ಲಿ ಸಾಫ್ಟ್‌ವೇರಿನ ಜೊತೆ ಇನ್ನೊಂದು ಬಂದಿತ್ತು. ಅದರ ಸುದ್ದಿ ಪೆಟ್ಟಿಗೆಯ ಮೇಲೆ ಇರಲಿಲ್ಲ, ಮಾರಿದವನು ಹೇಳಲಿಲ್ಲ, ಕಂಪ್ಯೂಟರಿನಲ್ಲಿ ಎಲ್ಲಿ ಹುಡುಕಿದರೂ ಅದು ಕಾಣುವಂತಿರಲಿಲ್ಲ. ನಾವು ಕದಿಯುತ್ತೇವೇನೋ ಅಂತ ನಮ್ಮನ್ನೇ ಕಾಯಲು, ನಮ್ಮ ಕಂಪ್ಯೂಟರಿನೊಳಗೇ, ನಮಗೆ ಕಾಣದ ಹಾಗೆ ಕಂಪನಿಯವರು ಕೂರಿಸಿದ್ದ ಕಾವಲುಗಾರ ಅದು. ಇದೆಲ್ಲ ನನಗೆ ತಿಳಿದದ್ದು ಮಾನ ಹೋದ ಮೇಲೆ.

ನಡೆದದ್ದು ಹೀಗೆ. ನಮ್ಮ ಮನೆಯಲ್ಲಿ ಆಯುಧಪೂಜೆ ಅಂದರೆ ನಮ್ಮತ್ತೆಯ ಹಬ್ಬ. ಸುಮ್ಮನೆ ಕುಂಕುಮ ಇಟ್ಟು ಊದುಬತ್ತಿ ಬೆಳಗಿದರೆ ಅವರಿಗೆ ಆಗುವುದಿಲ್ಲ. ಮಾವನವರ ಕಾಲದಲ್ಲಿ ಪಂಪಿನ ಮೋಟರನ್ನು ಪೂರ್ತಿ ಬಿಚ್ಚಿ, ಒರೆಸಿ, ತುಂಡು ತುಂಡಿಗೂ ಪೂಜೆ ಮಾಡುತ್ತಿದ್ದರಂತೆ. ಅದೇ ಪದ್ಧತಿ ಈಗ ಕಂಪ್ಯೂಟರಿಗೂ ಬಂದಿದೆ. "ಮ್ಯಾಗ್ಳ ಡಬ್ಬಕ್ಕೆ ಪೂಜೆ ಮಾಡುದ್ರೆ ಏನ್ ಬಂತು? ದುಡಿಯೋದು ಒಳಗಿರೋ ಸಾಮಾನು" ಅನ್ನುತ್ತಾರೆ. ಎಜಮಾನರಿಗೂ ಒಳಗಿನ ಧೂಳು ತೆಗೆಯಲು ಅದೇ ನೆಪ. ಸಿಪಿಯು ಬಿಚ್ಚಿ, ಬ್ಲೋವರ್ ಹಿಡಿದು ಧೂಳು ಹಾರಿಸಿ, ಹಾರ್ಡ್‌ಡಿಸ್ಕು, ಮೆಮೊರಿ ತುಂಡುಗಳು, ಫ್ಯಾನು ಎಲ್ಲವನ್ನೂ ಬಾಳೆಲೆಯ ಮೇಲೆ ಸಾಲಾಗಿ ಇಡುತ್ತಾರೆ. ವಿಭೂತಿ ಕುಂಕುಮ ಎಲೆಗೆ ಮಾತ್ರ, ಸಾಮಾನಿಗೆ ತಾಗಿಸಬಾರದು ಅಂತ ನಾನು ಪಕ್ಕದಲ್ಲೇ ನಿಂತು ಕಾಯುತ್ತೇನೆ. ಒಂದು ದಿನ ಎಲ್ಲದಕ್ಕೂ ವಿಶ್ರಾಂತಿ. ವಿಜಯದಶಮಿಯ ಬೆಳಿಗ್ಗೆ ಮತ್ತೆ ಜೋಡಿಸುತ್ತೇವೆ. ಆ ವರ್ಷ ಜೋಡಿಸುವಾಗ ಹಾರ್ಡ್‌ಡಿಸ್ಕಿನ ವಯರು ಬೇರೆ ಕಡೆ ಸಿಕ್ಕಿಸಿದ್ದೇವೆ, ಮೆಮೊರಿ ತುಂಡುಗಳು ಒಂದರ ಜಾಗದಲ್ಲಿ ಇನ್ನೊಂದು ಕೂತಿವೆ. ಅದರಿಂದ ಕೆಲಸಕ್ಕೇನೂ ತೊಂದರೆ ಇಲ್ಲ. ಕಂಪ್ಯೂಟರ್ ಆನ್ ಆಯಿತು, ಎಲ್ಲ ಸರಿಯಾಗೇ ಓಡಿತು. ಕಾವಲುಗಾರ ಒಂದು ಮಾತೂ ಆಡಲಿಲ್ಲ.

ದೀಪಾವಳಿ ಕಳೆದ ಮೇಲೆ ಕೆ.ಆರ್. ಪೇಟೆಯ ಛತ್ರದಲ್ಲಿ ಒಂದು ಮದುವೆ. ಹೆಣ್ಣು ಅಕ್ಕಿಹೆಬ್ಬಾಳಿನವಳು, ಗಂಡಿನ ಮನೆ ನಾಗಮಂಗಲದ ಕಡೆ. ಹುಡುಗಿಗೆ ತಂದೆ ಇಲ್ಲ. ತಾಯಿ ಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ, ತುಂಡು ಜಮೀನಿನಲ್ಲಿ ದುಡಿದು ಸಾಕಿದವಳು. ನಮ್ಮ ಕಡೆ ಮದುವೆಯಲ್ಲಿ ಧಾರೆಗೆ ನೆಂಟರೆಲ್ಲ ಸಾಲಾಗಿ ಬಂದು ಹಾಲು ಬಿಡುತ್ತಾರೆ. ಗಂಡ ಸತ್ತವಳು ಮಾತ್ರ ಕಂಬದ ಮರೆಯಲ್ಲಿ ನಿಲ್ಲಬೇಕು, ಹೆತ್ತ ಮಗಳ ಮದುವೆಯಾದರೂ ಅಷ್ಟೇ. ಚಿಕ್ಕಪ್ಪ ಚಿಕ್ಕಮ್ಮ ಧಾರೆ ಎರೆದು ಮುಗಿಸುತ್ತಾರೆ. ಈ ಹುಡುಗಿ ಒಪ್ಪಲಿಲ್ಲ. ಹಸೆಮಣೆಯ ಮೇಲೆ ಕೂತುಕೊಂಡೇ, "ನನ್ನ ಸಾಕಿದ್ದು ನಮ್ಮವ್ವ. ನಮ್ಮವ್ವ ಧಾರೆ ಎರುದ್ರೆ ಮದ್ವೆ, ಇಲ್ದಿದ್ರೆ ಎದ್ದೋಯ್ತೀನಿ" ಅಂದಳಂತೆ. ಮದುಮಗನೂ ಅವಳ ಕಡೆ ನಿಂತ. ಗಂಡಿನ ದೊಡ್ಡಪ್ಪ ಮುಖ ಗಂಟು ಹಾಕಿಕೊಂಡು ಊಟದ ಮನೆಗೆ ಎದ್ದುಹೋದರಂತೆ. ಆಯಮ್ಮ ಕಂಬದ ಮರೆಯಿಂದ ಬಂದು ಧಾರೆ ಎರೆದಳು.

ಮಿಕ್ಸಿಂಗ್ ಮಾಡುವಾಗ ಅದನ್ನು ನೋಡಿ ನನಗೆ ಅಳು ಬಂತು. ಇಷ್ಟು ವರ್ಷದಲ್ಲಿ ಎಷ್ಟೋ ಧಾರೆ ಕತ್ತರಿಸಿದ್ದೇನೆ, ಅದನ್ನು ಮಾತ್ರ ಒಂದು ಚೂರೂ ಕತ್ತರಿಸದೆ ಹಾಗೇ ಬಿಟ್ಟೆ.

ಅದಾದ ಮೇಲೆ ಆಯಮ್ಮ ಒಂದು ದಿನ ನಮ್ಮ ಮನೆಗೇ ಬಂದಳು, ಒಂದು ಡಬ್ಬಿ ಬೆಣ್ಣೆ ಹಿಡಿದುಕೊಂಡು. "ಅವತ್ತು ನಂಗೆ ಚೊಂಬಿಂದೇ ಗ್ಯಾನ ಕಣವ್ವ. ಎಲ್ಲಿ ಚೊಂಬು ಬಿದ್ದೋಯ್ತದೋ ಅಂತ ಅದ್ನೇ ನೋಡ್ತಿದ್ದೆ, ಕಣ್ಣೇ ಎತ್ಲಿಲ್ಲ. ನಮ್ಮುಡುಗಿ ಮಕ ಎಂಗಿತ್ತು ಅಂತ ನಂಗೊತ್ತೇ ಇಲ್ಲ. ಅದೊಂದ್ನ ಚೆನ್ನಾಗಿ ಕಾಣಂಗೆ ಮಾಡ್ಕೊಡು" ಅಂದಳು. ಹುಡುಗಿಯ ಮುಖ ಚೆನ್ನಾಗಿಯೇ ಬಂದಿತ್ತು. ಅವ್ವನನ್ನೇ ನೋಡುತ್ತಾ, ಅಳುವೂ ನಗುವೂ ಒಟ್ಟಿಗೇ. ಬೇಗ ನೋಡುತ್ತೀಯ ಇರು ಅಂತ ಮಾತು ಕೊಟ್ಟೆ. ಪೆನ್‌ಡ್ರೈವ್ ಮೊದಲು ನಾಗಮಂಗಲಕ್ಕೆ ಹೋಯಿತು. ಮಗಳು ತವರಿಗೆ ಬರುವಾಗ ತರುವುದು, ಆಗ ಅವ್ವ ಮಗಳು ಕೂತು ನೋಡುವುದು ಅಂತ ಅವರ ಲೆಕ್ಕ.

ನಾಗಮಂಗಲದಿಂದ ಹುಡುಗಿಯ ಫೋನು ಬಂತು. ಅಳುತ್ತಲೇ ಹೇಳಿದಳು. ಮನೆತುಂಬ ನೆಂಟರನ್ನು ಕೂರಿಸಿಕೊಂಡು ದೊಡ್ಡ ಟಿವಿಗೆ ಹಾಕಿದ್ದಾರೆ. ಚಪ್ಪರ, ಎದುರುಗೊಳ್ಳುವುದು ಎಲ್ಲ ಚೆನ್ನಾಗಿ ಬಂದಿದೆ. ಧಾರೆ ಶುರುವಾಗುವ ಹೊತ್ತಿಗೆ ಪರದೆಯ ಮೇಲೆ ಓರೆಯಾಗಿ, ಕೆಂಪು ಇಂಗ್ಲಿಷ್ ಅಕ್ಷರ: ಈ ವಿಡಿಯೊ ಕದ್ದ ಸಾಫ್ಟ್‌ವೇರಿನಿಂದ ಮಾಡಿದ್ದು. ಕೊನೆಯವರೆಗೂ ಅದು ಅಳಿಸಿಯೇ ಇಲ್ಲ. ಓದು ಬಲ್ಲವರು ಓದಿದ್ದಾರೆ, ಬಾರದವರು ಕೇಳಿ ತಿಳಿದುಕೊಂಡಿದ್ದಾರೆ. ಊಟದ ಮನೆಗೆ ಎದ್ದುಹೋಗಿದ್ದ ಆ ದೊಡ್ಡಪ್ಪನಿಗೆ ಇಷ್ಟು ಸಾಕಿತ್ತು. "ಧಾರೆ ಎರೆದಿದ್ದೂ ಅಂಗೇ, ವಿಡಿಯೊ ಮಾಡ್ಸಿದ್ದೂ ಅಂಗೇ. ಆಯಮ್ಮಂದು ಯಾವ್ದು ನೆಟ್ಗದೆ? ತಗುದ್ ಅತ್ಲಾಗ್ ಬಿಸಾಕ್ರೋ" ಅಂದರಂತೆ.

ನಾನು ಹೌಹಾರಿದೆ. ಕಂಪ್ಯೂಟರ್ ಹಾಕಿ ನೋಡಿದರೆ ನನ್ನ ಪರದೆಯ ಮೇಲೆ ಒಂದು ಅಕ್ಷರವೂ ಇಲ್ಲ, ಧಾರೆ ಹಾಲಿನಷ್ಟೇ ಶುಭ್ರವಾಗಿದೆ. ಪೆನ್‌ಡ್ರೈವಿಗೆ ಹಾಕಿ ನಮ್ಮ ಟಿವಿಯಲ್ಲಿ ನೋಡಿದರೆ ಕೆಂಪು ಅಕ್ಷರ! ನೋಡಿ ಎಂಥ ಕುತಂತ್ರ. ನನಗೆ ಕಾಣುವ ಕಡೆ ತೋರಿಸುವುದಿಲ್ಲ, ಫೈಲು ಮನೆಯಿಂದ ಹೊರಗೆ ಹೋಗುವಾಗ ಬೆನ್ನಿಗೆ ಅಂಟಿಸಿ ಕಳಿಸುತ್ತದೆ. ಎರಡನೇ ಹಾರ್ಡ್‌ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇಟ್ಟಿರುತ್ತೇನೆ, ಅದು ನನ್ನ ಅಭ್ಯಾಸ. ಅದನ್ನು ತೆರೆದರೆ ದಸರಾ ಹಬ್ಬದ ಈಚೆಗೆ ಹಾಕಿದ ಯಾವುದೂ ನೆಟ್ಟಗಿಲ್ಲ, ಬರೀ ಬಣ್ಣದ ಗೆರೆಗಳು. ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿ ಎಜಮಾನರು ಆಗಲೇ ಬೂಕನಕೆರೆಯ ಮದುವೆಯನ್ನು ತುಂಬಿಕೊಂಡು ಬಂದಿದ್ದರು. ಹಾಗಾಗಿ ಆಯಮ್ಮನ ಧಾರೆ ಇಡೀ ಲೋಕದಲ್ಲಿ ಶುದ್ಧವಾಗಿ ಉಳಿದಿದ್ದು ನನ್ನ ಕಂಪ್ಯೂಟರಿನೊಳಗೆ ಮಾತ್ರ.

ಕಂಪನಿಗೆ ಫೋನು ಮಾಡಿದೆ. ಹಾಡು ಕೇಳಿಸಿ ಕೇಳಿಸಿ ಕಡೆಗೆ ಒಬ್ಬ ಹುಡುಗ ಸಿಕ್ಕಿದ. ಬಹಳ ನಯವಾದ ಮಾತು. "ಮೇಡಂ, ನಿಮ್ಮದು ಅನಧಿಕೃತ ಪ್ರತಿ ಅಂತ ತೋರಿಸ್ತಿದೆ" ಅಂದ. ಬಿಲ್ಲಿದೆ, ಪೆಟ್ಟಿಗೆಯಿದೆ, ಬೇಕಾದರೆ ಫೋಟೊ ಕಳಿಸುತ್ತೇನೆ ಅಂದೆ. "ಹಾಗಿದ್ರೆ ಚಿಂತೆ ಬೇಡ ಮೇಡಂ, ನಾವೇ ಇಲ್ಲಿಂದ ನಿಮ್ಮ ಕಂಪ್ಯೂಟರ್ ಒಳಗೆ ಬಂದು ಸರಿ ಮಾಡ್ತೀವಿ, ಒಪ್ಪಿಗೆ ಕೊಡಿ" ಅಂದ. ನನಗೆ ಅನುಮಾನ. ಎಜಮಾನರು ಪಕ್ಕದಿಂದ, "ಅವ್ರ ಸಾಮಾನು ಅವ್ರೇ ಸರಿ ಮಾಡ್ಲಿ ಬುಡು, ಆಯಮ್ಮ ಕಾಯ್ತಾವ್ಳೆ" ಅಂದರು. ಸಾಮಾನ್ಯವಾಗಿ ಹಾಗೆ ಯಾರನ್ನೂ ಒಳಗೆ ಬಿಡುವವಳಲ್ಲ ನಾನು. ಆಯಮ್ಮನ ಮುಖ ನೆನಪಾಗಿ ಒಪ್ಪಿದೆ.

ಅವನು ಅಲ್ಲೆಲ್ಲೋ ಕೂತು ಮೌಸು ಆಡಿಸಿದರೆ ಇಲ್ಲಿ ನನ್ನ ಪರದೆಯ ಮೇಲೆ ಬಾಣದ ಗುರುತು ತಾನಾಗಿ ಓಡಾಡುತ್ತಿತ್ತು. ನಾನು ಕೈಕಟ್ಟಿ ನೋಡುತ್ತಾ ಕೂತಿದ್ದೆ, ನಮ್ಮ ಮನೆಯಲ್ಲಿ ನಾನೇ ನೆಂಟಳ ಹಾಗೆ. ಸ್ವಲ್ಪ ಹೊತ್ತಿಗೆ ಬಾಣ ನಿಂತಿತು. "ಆಯ್ತು ಮೇಡಂ, ಕ್ಲೀನ್ ಆಗಿದೆ" ಅಂದ. ತೆರೆದು ನೋಡುತ್ತೇನೆ, ಅಕ್ಕಿಹೆಬ್ಬಾಳಿನ ಮದುವೆಯೇ ಇಲ್ಲ. ಬೂಕನಕೆರೆಯದೂ ಇಲ್ಲ. ಹಬ್ಬದ ಈಚೆಗೆ ಮಾಡಿದ್ದೆಲ್ಲ ಖಾಲಿ. "ಅವು ಅನಧಿಕೃತ ಅವಧಿಯಲ್ಲಿ ತಯಾರಾದವು ಮೇಡಂ, ನಮ್ಮ ಪಾಲಿಸಿ ಪ್ರಕಾರ ಅದು ಆಟೊಮ್ಯಾಟಿಕ್ ಆಗಿ ತೆಗೆದುಹಾಕುತ್ತೆ" ಅಂದ. ನಾನು ಕಿರುಚಿದ್ದು ಬೀದಿಗೆ ಕೇಳಿಸಿತೆಂದು ಪಕ್ಕದ ಮನೆಯವರು ಆಮೇಲೆ ಹೇಳಿದರು. ಕೇಳಿಸಲಿ.

ಶ್ರೀರಂಗಪಟ್ಟಣದಲ್ಲಿ ಹೆದ್ದಾರಿ ಪಕ್ಕ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಿದೆ. ಅಳಿಸಿದ್ದನ್ನು ಮತ್ತೆ ತೆಗೆಯಬಹುದೇನೋ ಅಂತ ಸಿಪಿಯು ಆಟೊದಲ್ಲಿ ಹಾಕಿಕೊಂಡು ಅಲ್ಲಿಗೆ ಹೋದೆವು. ಅಂಗಡಿಯವರು ಡಿಸ್ಕು ಬಿಚ್ಚಿ ತಮ್ಮ ಕಂಪ್ಯೂಟರಿಗೆ ಹಾಕಿಕೊಂಡು ಹುಡುಕಿದರು. ಬೂಕನಕೆರೆಯದು ಬಹುಪಾಲು ಸಿಕ್ಕಿತು. ಅಕ್ಕಿಹೆಬ್ಬಾಳಿನದರಲ್ಲಿ ಛತ್ರದ ಬಾಗಿಲು, ಓಲಗದವರು, ಊಟದ ಪಂಕ್ತಿ ಇಂಥವು ಹರಿದ ಹಾಗೆ ಸಿಕ್ಕವು. ಧಾರೆ ಸಿಗಲಿಲ್ಲ.

ಹುಡುಕುವಾಗ ಅವರ ಕಣ್ಣಿಗೆ ಬಿದ್ದದ್ದು ಆ ಕಾವಲುಗಾರ. ನಮ್ಮ ಕಂಪ್ಯೂಟರಿನಲ್ಲಿದ್ದಾಗ ತಾನೇ ತನ್ನನ್ನು ಬಚ್ಚಿಟ್ಟುಕೊಳ್ಳುವ ಆಸಾಮಿ, ಬೇರೆ ಕಂಪ್ಯೂಟರಿಗೆ ಹಾಕಿದಾಗ ಸಿಕ್ಕಿಬಿದ್ದ. "ಸಾಫ್ಟ್‌ವೇರ್ ತೆಗೆದಾಕುದ್ರೂ ಇದು ಓಗಲ್ಲ ಅಕ್ಕ. ನಿಮ್ ಸಿಪಿಯು ಒಳಗೆ ಯಾವ ಸಾಮಾನು ಎಲ್ಲಿ ಕೂತದೆ ಅಂತ ಗುರುತು ಇಟ್ಕಂಡದೆ. ಅದು ಅದಲು ಬದಲಾದ್ರೆ ಬೇರೆ ಕಂಪ್ಯೂಟ್ರಿಗೆ ಕದ್ದು ಆಕವ್ರೆ ಅಂದ್ಕತದೆ. ಆವಾಗಿಂದ ನೀವು ಏನ್ ಕಾಪಿ ಮಾಡುದ್ರೂ ಕೆಡಿಸ್ತದೆ" ಅಂದರು. ಆಮೇಲೆ, "ಈಚೆಗೆ ಏನಾರ ಬಿಚ್ಚಿದ್ರಾ?" ಅಂತ ಕೇಳಿದರು. ನಾನೂ ಎಜಮಾನರೂ ಮುಖ ಮುಖ ನೋಡಿಕೊಂಡೆವು. ಬಿಚ್ಚಿದ್ದೆವು, ಬಾಳೆಲೆಯ ಮೇಲೆ ಇಟ್ಟಿದ್ದೆವು, ಮಂಗಳಾರತಿ ಎತ್ತಿದ್ದೆವು.

ಮನೆಗೆ ಬಂದು ಅತ್ತೆಗೆ ಹೇಳಿದೆ. "ಅಂಗಾದ್ರೆ ನನ್ನಿಂದ್ಲೇ ಆಯ್ತಾ ಇದು?" ಅಂದರು. ವರ್ಷವಿಡೀ ಅನ್ನ ಕೊಡುವ ಸಾಮಾನಿಗೆ ಕೈಮುಗಿದ ಮುದುಕಿ ತಪ್ಪಿತಸ್ಥೆಯಾಗಬೇಕು, ಹೇಳದೆ ಕೇಳದೆ ಒಳಗೆ ಬಂದು ಕೂತವರು ಸಾಚಾಗಳಾಗಬೇಕು!

ಮತ್ತೆ ಫೋನು ಮಾಡಿದೆ. ಈ ಸಲ ಯಾರೋ ಮೇಲಿನವರು. "ಇನ್‌ಸ್ಟಾಲ್ ಮಾಡುವಾಗ ನೀವೇ ಒಪ್ಪಿಗೆ ಅಂತ ಒತ್ತಿದ್ದೀರಲ್ಲ ಮೇಡಂ, ಎಲ್ಲ ಅದರಲ್ಲೇ ಇದೆ" ಅಂದರು. ಆಮೇಲೆ ಅದನ್ನೂ ಹುಡುಕಿ ಓದಿದೆ, ಕಣ್ಣಿಗೆ ಭೂತಕನ್ನಡಿ ಹಿಡಿದು. ಎಲ್ಲೋ ನಡುವೆ, ಪ್ರತಿ ಸಂರಕ್ಷಣೆಗೆ ಅಗತ್ಯವಾದ ಭಾಗಗಳನ್ನು ಅಳವಡಿಸಬಹುದು ಅಂತ ಒಂದು ಸಾಲು. ಬಚ್ಚಿಟ್ಟುಕೊಂಡು ಕೂರುತ್ತೇವೆ ಅಂತ ಇರಲಿಲ್ಲ. ನಿಮ್ಮ ಗಿರಾಕಿಗಳ ಮುಂದೆ ನಿಮ್ಮನ್ನು ಕಳ್ಳರು ಅನ್ನುತ್ತೇವೆ ಅಂತ ಇರಲಿಲ್ಲ.

"ಸ್ವಾಮಿ, ಅಂಗಡಿಯಿಂದ ಮಿಕ್ಸಿ ತರ್ತೀನಿ" ಅಂದೆ. "ಅದರ ಜೊತೆ ಅಂಗಡಿಯವನ ಆಳು ಬಂದು ನಮ್ಮ ಅಡುಗೆಮನೆ ಮೂಲೇಲಿ ಅಡಗಿ ಕೂತ್ಕೊಂಡು, ನಾನು ಚಟ್ನಿ ಯಾರ್ಯಾರಿಗೆ ಕೊಡ್ತೀನಿ ಅಂತ ನೋಡ್ತಾನಾ? ಅನುಮಾನ ಬಂದ್ರೆ ಚಟ್ನಿಗೆ ಮಣ್ಣು ಹಾಕ್ತಾನಾ?" ನಾನು ಬಿಡಲಿಲ್ಲ. ಸಾಫ್ಟ್‌ವೇರ್ ನಿಮ್ಮದಿರಬಹುದು. ಕಂಪ್ಯೂಟರ್ ನನ್ನದು. ಅದರೊಳಗೆ ಏನಿದೆ ಅಂತ ತಿಳಿಯುವುದು, ಬೇಡದ್ದನ್ನು ಕಿತ್ತುಹಾಕುವುದು, ಬೇಕಾದಾಗ ಬಿಚ್ಚಿ ಜೋಡಿಸುವುದು ನನ್ನ ಹಕ್ಕು. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಕೇಳಿಸಿಕೊಂಡು, ಲೈಸೆನ್ಸು ಮತ್ತೆ ಚಾಲೂ ಆಗಬೇಕಾದರೆ ಪರದೆಯ ಮೇಲೆ ಒಂದು ಗುಂಡಿ ಬರುತ್ತದೆ, ಅಕ್ರಮ ಬಳಕೆಯನ್ನು ಸರಿಪಡಿಸಿಕೊಳ್ಳುತ್ತಿದ್ದೇನೆ ಅಂತ ಇರುತ್ತದೆ, ಅದನ್ನು ಒತ್ತಿದರೆ ಸಾಕು ಅಂದರು. ಮಾಡದ ಕಳ್ಳತನವನ್ನು ಒಪ್ಪಿಕೊಂಡರೆ ನಾನು ಕೊಂಡದ್ದನ್ನು ನನಗೆ ಕೊಡುತ್ತಾರಂತೆ. ಒತ್ತಲಿಲ್ಲ. ಇವತ್ತಿಗೂ ಒತ್ತಿಲ್ಲ. ಆ ಸಾಫ್ಟ್‌ವೇರ್ ಕಿತ್ತುಹಾಕಿ, ಡಿಸ್ಕು ಪೂರ್ತಿ ತೊಳೆಸಿ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಇನ್ನೊಂದರಲ್ಲಿ ಕೆಲಸ ಕಲಿತೆ. ಮಂಡ್ಯದ ಗ್ರಾಹಕರ ಆಯೋಗಕ್ಕೆ ದೂರೂ ಕೊಟ್ಟಿದ್ದೇನೆ. ಕಂಪನಿಯ ವಕೀಲರು ವಾಯಿದೆ ಕೇಳುತ್ತಿದ್ದಾರೆ, ನಾನು ಬಸ್ಸು ಹತ್ತಿ ಹೋಗಿ ಬರುತ್ತಿದ್ದೇನೆ.

ಇಷ್ಟರಲ್ಲಿ ಕೆ.ಆರ್. ಪೇಟೆಯ ಆ ಮಹಾಶಯ ಕದ್ದ ಸಾಫ್ಟ್‌ವೇರಿನಲ್ಲಿ ಸೀಸನ್ನಿನ ಅಷ್ಟೂ ಮದುವೆ ಮಾಡಿ ಮುಗಿಸಿದ. ಕಾವಲುಗಾರನನ್ನು ಕಿತ್ತೆಸೆದ ಮೇಲೇ ಅದು ಅವನ ಕೈಗೆ ಬರುವುದಂತೆ. ಒಂದು ಕೆಂಪು ಅಕ್ಷರವಿಲ್ಲ. ಆ ಬೀಗವೆಲ್ಲ ನನ್ನಂಥ ಕೊಂಡುಕೊಂಡವರಿಗೇ.

ಎಲ್ಲಕ್ಕಿಂತ ಕಷ್ಟದ್ದು ಅಕ್ಕಿಹೆಬ್ಬಾಳಿಗೆ ಹೋಗಿ ಆಯಮ್ಮನ ಮುಂದೆ ನಿಲ್ಲುವುದು. ನಾಗಮಂಗಲದವರು ತಮಗೆ ಬೇಡವೆಂದ ಪೆನ್‌ಡ್ರೈವನ್ನು ಮಗಳು ತಂದು ತಾಯಿಗೆ ಕೊಟ್ಟುಹೋಗಿದ್ದಳು. ಈಗ ಉಳಿದಿರುವ ಧಾರೆ ಅದರಲ್ಲಿರುವುದೊಂದೇ, ಆ ಅಕ್ಷರದ ಸಮೇತ. ಶುದ್ಧವಾದದ್ದು ಇನ್ನು ಸಿಗುವುದಿಲ್ಲ ಅಂತ ನಾನು ಹೇಳಿ ಮುಗಿಸುವವರೆಗೂ ಆಯಮ್ಮ ಹಾಲಿನ ಕ್ಯಾನು ತೊಳೆಯುತ್ತಾ ಕೇಳಿಸಿಕೊಂಡಳು. ಅಳಲಿಲ್ಲ. ಬೈದಿದ್ದರೂ ನನಗೆ ಹಗುರವಾಗುತ್ತಿತ್ತು. ಕೈ ಒರೆಸಿಕೊಂಡು ಒಳಗೆ ಕರೆದು ಟಿವಿ ಹಾಕಿದಳು.

ಧಾರೆ ಬಂತು. ಹುಡುಗಿಯ ಹಣೆಯಿಂದ ಗಲ್ಲದವರೆಗೆ ಓರೆಯಾಗಿ ಕೆಂಪು ಅಕ್ಷರ. ಒಂದು ಕಣ್ಣು ಮುಚ್ಚಿಹೋಗಿದೆ. ಆಯಮ್ಮ ರಿಮೋಟು ಹಿಡಿದು ಕಾಯುತ್ತಿದ್ದಳು. ಮಗಳು ಹಾಲಿಗೆ ಕೈ ಒಡ್ಡಲು ಬಗ್ಗಿದಾಗ ಮುಖ ಅಕ್ಷರದ ಕೆಳಗೆ ಇಳಿಯುತ್ತದೆ. ಅಲ್ಲಿ ನಿಲ್ಲಿಸಿದಳು.

"ಇಲ್ಲಿ ನೋಡವ್ವ, ಇಲ್ಲೊಂದ್ಕಡೆ ಪೂರ್ತಿ ಕಾಣ್ತಾಳೆ" ಅಂದಳು.

ಪರದೆಯ ಹತ್ತಿರ ಹೋಗಿ ನೋಡಿದೆ. ಚೆನ್ನಾಗಿದ್ದಾಳೆ ಅಂದೆ.

"ನೀನು ಕದ್ದಿಲ್ಲ ಅಂತ ನಂಗೊತ್ತು ಬುಡು" ಅಂದಳು. "ಅಕ್ಕಪಕ್ಕದೋರು ಧಾರೆ ತೋರ್ಸು ಅಂತ ಬತ್ತಾರೆ. ಟಿವಿ ಹಾಕೋಕ್ಮುಂಚೆ ಎಲ್ರಿಗೂ ಏಳ್ಬುಡ್ತೀನಿ, ಇದು ಕದ್ದಿದ್ದಲ್ಲ ಕಣ್ರವ್ವ ಅಂತ. ಆಮೇಲೆ ತೋರುಸ್ತೀನಿ."